ಬ್ರೇಕಿನ ಸದ್ದು, ನಡುಕ, ಎಳೆತ: ಪ್ಯಾಡ್ ಮತ್ತು ಡಿಸ್ಕ್ ಬದಲಿಸುವ ಮುನ್ನ ದೋಷ ಪತ್ತೆ ಮಾಡುವ ಬಗೆ

ಬ್ರೇಕ್ ಕಿರುಗುಟ್ಟಿತೆಂದರೆ ಹೆಚ್ಚಿನವರು ನೇರವಾಗಿ ಬಿಡಿಭಾಗಗಳ ಅಂಗಡಿಗೆ ಹೋಗಿ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಉಜ್ಜಿ ನಿಲ್ಲಿಸುವ ಪ್ಯಾಡ್ ಕೊಳ್ಳುತ್ತಾರೆ. ಹೊಸ ಪ್ಯಾಡ್ ಕೂರುತ್ತದೆ, ಕೆಲವು ತಿಂಗಳು ಎಲ್ಲವೂ ಸರಿಯಿರುತ್ತದೆ, ಆಮೇಲೆ ಅದೇ ಸದ್ದು, ಅದೇ ನಡುಕ. ಬಹಳಷ್ಟು ಸಲ ದೋಷ ಇರುವುದು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಒಣಗಿ ಹೋದ ಪಿನ್ನಿನಲ್ಲಿ, ಹಬ್ಬಿನ (ಡಿಸ್ಕ್ ಮತ್ತು ಚಕ್ರ ಕೂರುವ ನಡುವಿನ ಭಾಗ) ಮೇಲಿನ ತುಕ್ಕಿನಲ್ಲಿ ಅಥವಾ ಒಳಗಿನಿಂದ ಹಾಳಾದ ಹೋಸಿನಲ್ಲಿ (ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪ್). ಪ್ಯಾಡ್ ಅದರ ಪರಿಣಾಮವನ್ನು ಅನುಭವಿಸುತ್ತಿರುತ್ತದೆ ಅಷ್ಟೆ. ಆದ್ದರಿಂದ ಪ್ಯಾಡ್ ಎಷ್ಟು ಸವೆದಿದೆ ಎಂದು ನೋಡಿದರೆ ಸಾಲದು, ಅದು ಹೇಗೆ ಸವೆದಿದೆ ಎಂಬುದನ್ನು ಓದಲು ಕಲಿಯಬೇಕು.

ಇಲ್ಲಿ ಹೇಳುವುದೆಲ್ಲ ನಮ್ಮ ಊರುಗಳಲ್ಲಿ ಹೆಚ್ಚಾಗಿ ಓಡಾಡುವ ಸಣ್ಣ ಕಾರುಗಳಿಗೆ ಅನ್ವಯಿಸುತ್ತದೆ: ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ (ಒಳಗಿನಿಂದ ಶೂಗಳು ಒತ್ತಿ ನಿಲ್ಲಿಸುವ ಡಬ್ಬಿ), ಮುಂದಿನ ಪ್ರತಿ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ತಳ್ಳುವ ಒಂದೊಂದು ಪಿಸ್ಟನ್. ಮಾರುತಿ ಸ್ವಿಫ್ಟ್, ವ್ಯಾಗನ್ ಆರ್, ಟಾಟಾ ಟಿಯಾಗೊ ಎಲ್ಲವೂ ಈ ಬಗೆಯವು. ಹಿಂದೆಯೂ ಡಿಸ್ಕ್ ಇದ್ದು, ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿದರೆ ಬೀಳುವ ಕಾರು ನಿಮ್ಮದಾದರೆ ಹಿಂದಿನ ಪ್ಯಾಡಿನ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಆ ಹ್ಯಾಂಡ್ ಬ್ರೇಕನ್ನು ನಡೆಸುವ ವಿದ್ಯುತ್ ಮೋಟಾರನ್ನು ಮೊದಲು ಸರ್ವಿಸ್ ಸ್ಥಿತಿಗೆ, ಅಂದರೆ ಪಿಸ್ಟನ್ನನ್ನು ಬಿಡುವ ಸ್ಥಿತಿಗೆ, ತರಬೇಕು. ಹಾಗೆ ಮಾಡದೆ ಪಿಸ್ಟನ್ನನ್ನು ಬಲವಂತವಾಗಿ ಒಳಗೆ ತಳ್ಳಿದರೆ ಮೋಟಾರಿನ ಭಾಗಗಳು ಹಾಳಾಗುತ್ತವೆ.

ಇನ್ನು ಮೂರು ಸಂದರ್ಭಗಳಲ್ಲಿ ಪರೀಕ್ಷೆಗೆ ಅವಕಾಶವೇ ಇಲ್ಲ. ಪೆಡಲ್ ನೆಲ ಮುಟ್ಟುತ್ತಿದ್ದರೆ, ಚಕ್ರದ ಒಳಬದಿಯಲ್ಲಿ ಬ್ರೇಕ್ ಆಯಿಲ್ ಸೋರಿದ ಗುರುತು ಕಂಡರೆ, ಅಥವಾ ಚಕ್ರದಿಂದ ಹೊಗೆ ಬರುತ್ತಿದ್ದರೆ ಕಾರನ್ನು ಅಲ್ಲಿಯೇ ನಿಲ್ಲಿಸಿ. ಗ್ಯಾರೇಜಿಗೆ ನಿಧಾನವಾಗಿ ಓಡಿಸಿಕೊಂಡು ಹೋಗುತ್ತೇನೆ ಎನ್ನಬೇಡಿ, ಟೋಯಿಂಗ್ ಗಾಡಿ ಕರೆಸಿ.

ಚಕ್ರ ಬಿಚ್ಚುವ ಮೊದಲು

ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಣ್ಣಿನ ಅಂಗಳದಲ್ಲಿ, ಅದೂ ಮಳೆಗಾಲದಲ್ಲಿ, ಜಾಕ್ ಹೂತು ವಾಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಕಾರು ನೆಲದ ಮೇಲಿರುವಾಗಲೇ ಚಕ್ರದ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಆಮೇಲೆ ಕಾರಿನ ಕೈಪಿಡಿ ತೋರಿಸಿದ ಜಾಗದಲ್ಲಿಯೇ ಜಾಕ್ ಕೊಟ್ಟು ಎತ್ತಿ.

ಕಾರಿನ ಜೊತೆ ಬರುವ ಜಾಕ್ ಇರುವುದು ಪಂಕ್ಚರ್ ಆದಾಗ ಟಯರ್ ಬದಲಿಸುವುದಕ್ಕೆ. ಬ್ರೇಕ್ ಕೆಲಸದಲ್ಲಿ ನಾವು ಬೋಲ್ಟ್ ಎಳೆಯುತ್ತೇವೆ, ಡಿಸ್ಕ್ ಬಡಿಯುತ್ತೇವೆ, ಕಾರು ಅಲುಗುತ್ತದೆ. ಅದಕ್ಕೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವುದೂ ಅದಕ್ಕೆ ಬದಲಿಯಾಗದು. ಅವು ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತವೆ. ಬಿಚ್ಚಿದ ಚಕ್ರವನ್ನೋ ಸ್ಟೆಪ್ನಿಯನ್ನೋ ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಪೂರ್ತಿ ಕೆಳಗೆ ಬೀಳದಂತೆ ಅದು ತಡೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವೇ ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಬ್ರೇಕಿನ ಕಪ್ಪು ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬೇಡಿ. ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಇಲ್ಲದಿದ್ದರೂ ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಸ್ಪ್ರೇ ಅಥವಾ ಒದ್ದೆ ಬಟ್ಟೆ ಬಳಸಿ, ಮಾಸ್ಕ್ ಹಾಕಿಕೊಳ್ಳಿ. ಆಗಷ್ಟೇ ಓಡಿಸಿ ತಂದ ಕಾರಿನ ಡಿಸ್ಕ್ ಚರ್ಮ ಸುಡುವಷ್ಟು ಬಿಸಿಯಿರುತ್ತದೆ, ತಣಿಯಲು ಬಿಡಿ.

ಕೀಂ ಎನ್ನುವ ಸಣ್ಣ ದನಿ

ಸದ್ದು ಯಾವಾಗ ಬರುತ್ತದೆ ಎಂದು ಗಮನಿಸುವುದಕ್ಕೆ ಖರ್ಚಿಲ್ಲ, ಅರ್ಧ ಉತ್ತರ ಅದರಲ್ಲಿಯೇ ಇದೆ.

ಮಳೆಯಲ್ಲಿ ನಿಂತ ಅಥವಾ ತೊಳೆದ ಕಾರು ಬೆಳಿಗ್ಗೆ ಮೊದಲ ನಾಲ್ಕೈದು ಸಲ ಬ್ರೇಕ್ ಒತ್ತಿದಾಗ ಮಾತ್ರ ಕಿರುಗುಟ್ಟಿ ಆಮೇಲೆ ಸುಮ್ಮನಾದರೆ, ಅದು ಡಿಸ್ಕಿನ ಮೇಲೆ ಕೂತ ತೆಳು ತುಕ್ಕು. ಪ್ಯಾಡ್ ಅದನ್ನು ತಾನೇ ಉಜ್ಜಿ ತೆಗೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ವಾರಗಟ್ಟಲೆ ನಿಂತ ಕಾರಿಗೆ ಈ ತುಕ್ಕು ದಪ್ಪಗೆ ಹಿಡಿಯುತ್ತದೆ, ಪ್ಯಾಡ್ ಇದ್ದ ಜಾಗದ ಅಚ್ಚು ಡಿಸ್ಕಿನ ಮೇಲೆ ಉಳಿಯುವುದೂ ಉಂಟು. ಕೆಲವು ಕಿಲೋಮೀಟರ್ ಓಡಿಸಿದ ಮೇಲೂ ಹೋಗದಿದ್ದರೆ ಚಕ್ರ ಬಿಚ್ಚಿ ನೋಡಬೇಕು.

ಬ್ರೇಕ್ ಒತ್ತದೆ ಓಡುತ್ತಿರುವಾಗಲೇ ಸಣ್ಣ ದನಿ ಕೇಳಿ, ಒತ್ತಿದಾಗ ಅದು ಬದಲಾದರೆ ಅಥವಾ ನಿಂತರೆ, ಪ್ಯಾಡಿನಲ್ಲಿರುವ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿದೆ ಎಂದು ಅರ್ಥ. ಪ್ಯಾಡ್ ಮುಗಿಯುತ್ತ ಬಂದಾಗ ತಾಗಲೆಂದೇ ಅದನ್ನು ಇಟ್ಟಿರುತ್ತಾರೆ. ಎಲ್ಲ ಪ್ಯಾಡಿಗೂ ಈ ತಗಡು ಇರುವುದಿಲ್ಲ, ಹಾಗಾಗಿ ಸದ್ದು ಬಂದಿಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ. ಅಲಾಯ್ ಚಕ್ರವಾದರೆ ಕಡ್ಡಿಗಳ ನಡುವೆ ಟಾರ್ಚ್ ಹಿಡಿದು ಹೊರಗಿನ ಪ್ಯಾಡನ್ನು ನೋಡಬಹುದು. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿಲಿಮೀಟರ್ ಇರುತ್ತದೆ. ಹಿಂದಿನ ಕಬ್ಬಿಣದ ಪಟ್ಟಿಯನ್ನು ಲೆಕ್ಕಕ್ಕೆ ಸೇರಿಸದೆ 3 ಮಿಲಿಮೀಟರ್ ಉಳಿದಿದ್ದರೆ ಬದಲಿಸುವ ಸಮಯ ಬಂದಿದೆ. ಆದರೆ ಹೊರಗಿನದು ಚೆನ್ನಾಗಿದೆ ಎಂದು ನಿಲ್ಲಿಸಬೇಡಿ. ಪಿಸ್ಟನ್ ಬದಿಯ ಒಳ ಪ್ಯಾಡ್ ಬೇಗ ಸವೆಯುವುದು ಸಾಮಾನ್ಯ, ಅದು ಚಕ್ರ ಬಿಚ್ಚದೆ ಕಾಣುವುದಿಲ್ಲ.

ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಕೂಡಲೇ, ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಸಮನೆ ತಗಡು ಕೆರೆಯುವ ಕರ್ಕಶ ಸದ್ದು ಶುರುವಾದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿದೆ. ಖಾಲಿ ಜಾಗದಲ್ಲಿ ನಿಧಾನವಾಗಿ ಹಿಂದೆ ಮುಂದೆ ಓಡಿಸಿದರೆ ಉದುರಬಹುದು. ಇಲ್ಲದಿದ್ದರೆ ಚಕ್ರ ಬಿಚ್ಚಿ ತಗಡನ್ನು ಬೆರಳಿನಿಂದ ತುಸು ಹಿಂದಕ್ಕೆ ಬಗ್ಗಿಸಿ ಕಲ್ಲು ತೆಗೆಯಿರಿ. ಇಷ್ಟಕ್ಕೇ ಪ್ಯಾಡ್, ಡಿಸ್ಕ್ ಎರಡನ್ನೂ ಬದಲಿಸಿಕೊಂಡವರಿದ್ದಾರೆ ಎಂಬುದು ಬೇಸರದ ಸಂಗತಿ.

ಕರಕರ ಎಂದು ಕಬ್ಬಿಣ ಉಜ್ಜುವ ಸದ್ದು

ಇದು ಕೇಳಿದ ದಿನವೇ ಕಾರು ನಿಲ್ಲಬೇಕು. ಪ್ಯಾಡ್ ಪೂರ್ತಿ ಮುಗಿದು ಅದರ ಕಬ್ಬಿಣದ ಪಟ್ಟಿಯೇ ಡಿಸ್ಕನ್ನು ಉಜ್ಜುತ್ತಿರುವ ಸಾಧ್ಯತೆ ಹೆಚ್ಚು. ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ, ಡಿಸ್ಕ್ ಹಾಳಾಗುತ್ತದೆ, ಪಿಸ್ಟನ್ ಮಿತಿಮೀರಿ ಹೊರಗೆ ಬಂದು ಆಯಿಲ್ ಸೋರುವ ಅಪಾಯವೂ ಇದೆ.

ಚಕ್ರ ಬಿಚ್ಚಿದ ಮೇಲೆ ಡಿಸ್ಕಿನ ಮೇಲೆ ಉಗುರು ಎಳೆಯಿರಿ. ನವಿರಾದ ಗೆರೆಗಳು ಸಹಜ, ಉಗುರು ಸಿಕ್ಕಿಕೊಳ್ಳುವ ಗೀರು ಸಹಜವಲ್ಲ. ದಪ್ಪ ಅಳೆಯಲು ವರ್ನಿಯರ್ ಸಾಕು. ಆದರೆ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದ ಜಾಗ ದಿಣ್ಣೆಯಂತೆ ಉಳಿದಿರುತ್ತದೆ, ವರ್ನಿಯರ್ ಅದರ ಮೇಲೆ ಕೂತು ಇಲ್ಲದ ದಪ್ಪ ತೋರಿಸುತ್ತದೆ. ಒಂದೇ ಬಗೆಯ ಎರಡು ನಾಣ್ಯಗಳನ್ನು ಡಿಸ್ಕಿನ ಎರಡೂ ಬದಿಗೆ, ಪ್ಯಾಡ್ ಓಡುವ ಜಾಗದಲ್ಲಿಟ್ಟು ಒಟ್ಟು ದಪ್ಪ ಅಳೆದು, ನಾಣ್ಯಗಳ ದಪ್ಪವನ್ನು ಕಳೆಯಿರಿ. ನಾಲ್ಕೈದು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಎಷ್ಟರವರೆಗೆ ಸವೆಯಬಹುದು ಎಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ, ನಡುವಿನ ಉಬ್ಬಿನಲ್ಲಿ ಅಥವಾ ಅಂಚಿನಲ್ಲಿ ಅಚ್ಚೊತ್ತಿರುತ್ತಾರೆ. ತುಕ್ಕು ಒರೆಸಿ ಹುಡುಕಬೇಕು. ಅದಕ್ಕಿಂತ ಕಡಿಮೆಯಿದ್ದರೆ ಡಿಸ್ಕ್ ಬದಲಿಸಲೇಬೇಕು. ತೆಳುವಾದ ಡಿಸ್ಕ್ ಬಿಸಿಯನ್ನು ತಾಳಲಾರದು, ಬಿರುಕು ಬಿಡುತ್ತದೆ.

ಲೇತಿಗೆ ಕೊಟ್ಟು ಮಟ್ಟ ಮಾಡಿಸಿದರೆ ಸಾಲದೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಲೇತಿನಿಂದ ಹೊರಬಂದ ಮೇಲೂ ಕನಿಷ್ಠ ದಪ್ಪಕ್ಕಿಂತ ಹೆಚ್ಚಿರುವುದಾದರೆ ಸಾಲುತ್ತದೆ. ಆದರೆ ಆಳವಾದ ಗೀರು ಹೋಗುವಷ್ಟು ಕಡೆದಾಗ ಸಣ್ಣ ಕಾರಿನ ಡಿಸ್ಕಿನಲ್ಲಿ ಅಷ್ಟು ಉಳಿಯುವುದು ಅಪರೂಪ. ಅಂಚಿನವರೆಗೆ ತಲುಪಿದ ಬಿರುಕು ಕಂಡರೆ ಲೇತಿನ ಮಾತೇ ಬೇಡ. ಬದಲಿಸುವುದು ಡಿಸ್ಕ್ ಆಗಲಿ ಪ್ಯಾಡ್ ಆಗಲಿ, ಎಡ ಬಲ ಎರಡೂ ಒಟ್ಟಿಗೆ.

ಬ್ರೇಕ್ ಒತ್ತದಿದ್ದರೂ ಗುಂಯ್‌ಗುಟ್ಟುವ ಸದ್ದು ವೇಗದ ಜೊತೆ ಏರಿ, ತಿರುವಿನಲ್ಲಿ ಬದಲಾದರೆ ಅದು ಬ್ರೇಕಿನದಲ್ಲ, ವೀಲ್ ಬೇರಿಂಗಿನದು. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಸಿಕ್ಕಿದರೆ ಗ್ಯಾರೇಜಿಗೆ ಬಿಡಿ.

ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುವುದು

ಮೊದಲು ಬೇರ್ಪಡಿಸಬೇಕಾದದ್ದು: ಬ್ರೇಕ್ ಒತ್ತದೆ 80–100 ಕಿಲೋಮೀಟರ್ ವೇಗದಲ್ಲಿ ಹೋಗುವಾಗಲೂ ನಡುಗಿದರೆ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿ, ಬ್ರೇಕಿಗೆ ಕೈ ಹಚ್ಚಬೇಡಿ. ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ದೋಷ. ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಸ್ಟಿಯರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಡ್ರಮ್ ದುಂಡಗೆ ಉಳಿದಿಲ್ಲ ಎಂಬ ಅನುಮಾನ. ಮರಳಿನ ಮೇಲೋ ಒದ್ದೆ ರಸ್ತೆಯಲ್ಲೋ ಜೋರಾಗಿ ಒತ್ತಿದಾಗ ಪೆಡಲ್ ಪಟಪಟ ಬಡಿದರೆ ಅದು ಎಬಿಎಸ್ (ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ತನ್ನ ಕೆಲಸ ಮಾಡುತ್ತಿರುವ ಲಕ್ಷಣ, ದೋಷವಲ್ಲ.

‘ಡಿಸ್ಕ್ ಬೆಂಡಾಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಬಿಸಿಗೆ ಡಿಸ್ಕ್ ನಿಜವಾಗಿ ಬಾಗುವುದು ವಿರಳ. ಹೆಚ್ಚಾಗಿ ಆಗಿರುವುದು ಇದು: ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕಿನ ಒಂದು ಚೂರು ಉಳಿದಿರುತ್ತದೆ. ಹಬ್ಬಿನ ಬಳಿ ಕೂದಲೆಳೆಯಷ್ಟಿರುವ ಆ ಓರೆ ಡಿಸ್ಕಿನ ಹೊರ ಅಂಚಿನಲ್ಲಿ ದೊಡ್ಡದಾಗಿ, ಡಿಸ್ಕ್ ಪ್ರತಿ ಸುತ್ತಿನಲ್ಲೂ ಅತ್ತಿತ್ತ ಓಲಾಡುತ್ತದೆ. ಬ್ರೇಕ್ ಬಿಟ್ಟಿರುವಾಗಲೂ ಒಂದೇ ಜಾಗ ಪ್ಯಾಡಿಗೆ ತಾಗುತ್ತ ಹೋಗುತ್ತದೆ, ಸಾವಿರಾರು ಕಿಲೋಮೀಟರ್ ಕಳೆಯುವಷ್ಟರಲ್ಲಿ ಆ ಜಾಗ ತೆಳುವಾಗುತ್ತದೆ. ದಪ್ಪ ತೆಳುವಿನ ಮೇಲೆ ಪ್ಯಾಡ್ ಏರಿ ಇಳಿಯುವುದೇ ನಿಮ್ಮ ಕೈಗೆ ಬರುವ ನಡುಕ. ಹೊಸ ಡಿಸ್ಕ್ ಹಾಕಿಸಿದಾಗ ಚೆನ್ನಾಗಿದ್ದು ಕೆಲವು ತಿಂಗಳ ಮೇಲೆ ನಡುಕ ಬರುವುದು ಇದಕ್ಕೇ. ಡಿಸ್ಕಿನ ಗುಣಮಟ್ಟವನ್ನು ಬೈಯುವ ಮೊದಲು ಹಬ್ಬನ್ನು ನೋಡಬೇಕು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳುತ್ತೇನೆ.

ಸುಲಭದಿಂದ ಶುರು ಮಾಡಿ. ಚಕ್ರದ ನಟ್‌ಗಳನ್ನು ಸಡಿಲಿಸಿ, ಒಂದನ್ನು ಬಿಗಿದ ಮೇಲೆ ಅದರ ಪಕ್ಕದ್ದನ್ನು ಬಿಟ್ಟು ಎದುರಿನದನ್ನು ಬಿಗಿಯುತ್ತ, ಎರಡು ಮೂರು ಹಂತಗಳಲ್ಲಿ, ಕೈಪಿಡಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ತನ್ನಿ. ಟಯರ್ ಅಂಗಡಿಯ ಗನ್ನಿನಲ್ಲಿ ಒಂದನ್ನು ಹೆಚ್ಚು, ಒಂದನ್ನು ಕಡಿಮೆ ಬಿಗಿದಿದ್ದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಅದರಿಂದ ಗುಣ ಕಾಣದಿದ್ದರೆ ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್ ಬಿಚ್ಚಿ ಡಿಸ್ಕ್ ತೆಗೆದು, ಹಬ್ಬಿನ ಮುಖವನ್ನೂ ಡಿಸ್ಕಿನ ಒಳಮುಖವನ್ನೂ ತಂತಿ ಬ್ರಷ್ ಮತ್ತು ಎಮೆರಿ ಹಾಳೆಯಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಸ್ಟಡ್‌ಗಳ (ಚಕ್ರದ ನಟ್ ಕೂರುವ ಕಂಬಿಗಳ) ಬುಡದ ಸುತ್ತ ತುಕ್ಕು ಅಡಗಿರುತ್ತದೆ, ಬೆರಳಿನಿಂದ ಸವರಿ ನೋಡಿ.

ಡಯಲ್ ಗೇಜ್ (ಸೂಕ್ಷ್ಮ ಓಲಾಟ ಅಳೆಯುವ ಮುಳ್ಳಿನ ಮಾಪಕ) ಸಿಕ್ಕಿದರೆ ಡಿಸ್ಕನ್ನು ವಾಷರ್ ಮತ್ತು ನಟ್ ಹಾಕಿ ಹಬ್ಬಿಗೆ ಬಿಗಿದು, ಹೊರ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ ಮುಳ್ಳು ಇಟ್ಟು ಒಂದು ಸುತ್ತು ತಿರುಗಿಸಿ. ಓಲಾಟದ ಮಿತಿ ಕಾರಿನಿಂದ ಕಾರಿಗೆ ಬೇರೆ, ಸಾಮಾನ್ಯವಾಗಿ 0.1 ಮಿಲಿಮೀಟರಿನ ಒಳಗಿರುತ್ತದೆ. ಹೆಚ್ಚಿದ್ದರೆ ಡಿಸ್ಕನ್ನು ತೆಗೆದು ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಹಬ್ಬಿನ ಓರೆಯೂ ಡಿಸ್ಕಿನ ಓರೆಯೂ ಒಂದನ್ನೊಂದು ಕಳೆಯುವ ಜಾಗ ಸಿಗುವುದುಂಟು. ಯಾವ ಜಾಗದಲ್ಲೂ ಕಡಿಮೆಯಾಗದಿದ್ದರೆ ಹಬ್ ಅಥವಾ ಬೇರಿಂಗ್ ಪರೀಕ್ಷೆ ಮೆಕ್ಯಾನಿಕ್ ಮಾಡಬೇಕಾದದ್ದು. ಆಗಲೇ ದಪ್ಪ ತೆಳುವಾಗಿರುವ ಡಿಸ್ಕ್ ಹಬ್ ಉಜ್ಜಿದ ಮಾತ್ರಕ್ಕೆ ಸರಿಹೋಗದು. ಅದನ್ನು ಕಡೆಸಬೇಕು ಅಥವಾ ಬದಲಿಸಬೇಕು.

ಕಾರು ಒಂದು ಬದಿಗೆ ಎಳೆಯುವುದು, ಒಂದೇ ಚಕ್ರ ಬಿಸಿಯಾಗುವುದು

ಟಯರಿನ ಗಾಳಿ ನೋಡಿ. ಎಡ ಬಲ ಒಂದೇ ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಬ್ರೇಕ್ ಒತ್ತದಿದ್ದರೂ ಎಳೆದರೆ ಅಲೈನ್‌ಮೆಂಟ್ ಕಡೆ ಹೋಗಿ. ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಎಲ್ಲರೂ ಎಡಗಡೆಯ ಬ್ರೇಕನ್ನು ಬಿಚ್ಚುತ್ತಾರೆ. ಎಡಗಡೆಯದು ಸರಿಯಾಗಿಯೇ ಹಿಡಿಯುತ್ತಿದ್ದು ಬಲಗಡೆಯದು ಹಿಡಿಯದಿರುವ ಸಾಧ್ಯತೆಯೂ ಅಷ್ಟೇ ಇದೆ.

ಯಾವುದು ಎಂದು ಬಿಸಿ ಹೇಳುತ್ತದೆ. ವಾಹನಗಳಿಲ್ಲದ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ನಿಲ್ಲಿಸಿ. ಎರಡೂ ಮುಂದಿನ ಚಕ್ರಗಳ ಬಳಿ ಅಂಗೈ ಒಯ್ಯಿರಿ, ಮುಟ್ಟಬೇಡಿ. ಒಂದರಿಂದ ಮಾತ್ರ ಕಾವು ಹೊಡೆದರೆ ಆ ಬ್ರೇಕ್ ಜಾಮ್ ಆಗಿದೆ, ಬಿಟ್ಟಾಗಲೂ ಹಿಡಿದೇ ಇದೆ. ಮೈಲೇಜ್ ಕಡಿಮೆಯಾಗಿರುವುದು, ನ್ಯೂಟ್ರಲ್‌ನಲ್ಲಿ ಕಾರು ಸಲೀಸಾಗಿ ಉರುಳದಿರುವುದು ಇದಕ್ಕೆ ಸಾಕ್ಷಿ. ಮತ್ತೆ ಓಡಿಸಿ ಐದಾರು ಸಲ ಬ್ರೇಕ್ ಒತ್ತಿ ನೋಡಿದಾಗ ಒಂದು ಚಕ್ರ ಇನ್ನೊಂದಕ್ಕಿಂತ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ.

ಈಗ ಪ್ಯಾಡ್ ಬಿಚ್ಚಿ ಓದಿ. ಒಳಗಿನದು ಹೊರಗಿನದಕ್ಕಿಂತ ಬಹಳ ತೆಳುವಾಗಿದ್ದರೆ ಪಿಸ್ಟನ್ ಹಿಂದಕ್ಕೆ ಸರಿಯುತ್ತಿಲ್ಲ, ಅಥವಾ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರುತ್ತಿಲ್ಲ. ಹೊರಗಿನದೇ ತೆಳುವಾಗಿದ್ದರೆ ಪಿನ್ನುಗಳನ್ನು ಅನುಮಾನಿಸಿ: ಬ್ರೇಕ್ ಬಿಟ್ಟ ಮೇಲೆ ಕ್ಯಾಲಿಪರ್ ಹಿಂದಿರುಗದೆ ಹೊರ ಪ್ಯಾಡನ್ನು ಒತ್ತಿಕೊಂಡೇ ಇದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆ. ಪ್ಯಾಡಿನ ಕಿವಿಗಳು ಬ್ರಾಕೆಟ್ಟಿನ ತುಕ್ಕಿನಲ್ಲಿ ಸಿಕ್ಕಿ ಅಲುಗದಿರುವುದೂ ಉಂಟು.

ಪಿನ್ನುಗಳ ದುರಸ್ತಿ ಅಗ್ಗದ್ದು. ಹೊರಗೆಳೆದು, ಹಳೆ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿ. ಚಾಸಿಸ್ಸಿಗೆ ಹಾಕುವ ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ, ಪಿನ್ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಮೇಲಿನ ಪಿನ್, ಕೆಳಗಿನ ಪಿನ್ ಅದಲು ಬದಲಾಗಬಾರದು. ಕೆಲವು ಕಾರುಗಳಲ್ಲಿ ಒಂದಕ್ಕೆ ಮಾತ್ರ ತುದಿಯಲ್ಲಿ ರಬ್ಬರ್ ಬುಷ್ ಇರುತ್ತದೆ. ರಬ್ಬರ್ ಟೋಪಿ ಹರಿದಿದ್ದರೆ ಬದಲಿಸಿ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ನೀರು ಹೋಗಿ ಮತ್ತೆ ತುಕ್ಕು.

ಪಿನ್ ಸಲೀಸಾಗಿದ್ದೂ ಚಕ್ರ ಬಿಗಿಯಾಗಿದ್ದರೆ ಒಂದು ಪರೀಕ್ಷೆ ಉಳಿದಿದೆ. ಚಕ್ರ ಜಾಮ್ ಆಗಿರುವಾಗಲೇ ಕ್ಯಾಲಿಪರ್‌ನ ಬ್ಲೀಡಿಂಗ್ ನಿಪ್ಪಲಿಗೆ (ಆಯಿಲ್ ಹೊರಬಿಡುವ ಸಣ್ಣ ಮೂತಿ) ಸಣ್ಣ ಪೈಪ್ ಹಾಕಿ, ಅದರ ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲನ್ನು ತುಸು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಹಿಂದಕ್ಕೆ ಹೋಗದಂತೆ ಮೇಲೆ ಎಲ್ಲೋ ತಡೆಯಿದೆ. ಹಳೆಯ ಕಾರುಗಳಲ್ಲಿ ಇದು ಹೆಚ್ಚಾಗಿ ಒಳಪದರ ಊದಿದ ರಬ್ಬರ್ ಹೋಸ್, ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ನಿಪ್ಪಲ್ ಬಿಟ್ಟರೂ ಚಕ್ರ ಬಿಡದಿದ್ದರೆ ಪಿಸ್ಟನ್ನೇ ಹಿಡಿದಿದೆ. ಹೋಸ್ ಬದಲಾವಣೆಗೂ ಪಿಸ್ಟನ್ ಸೀಲ್ ಕೆಲಸಕ್ಕೂ ಪೂರ್ತಿ ಬ್ಲೀಡಿಂಗ್, ಅಂದರೆ ಆಯಿಲ್ ಪೈಪಿನ ಗಾಳಿ ಹೊರತೆಗೆಯುವುದು, ಬೇಕು. ಅನುಭವವಿಲ್ಲದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಒಪ್ಪಿಸಿ. ಏನು ದೋಷವೆಂದು ನೀವೇ ಹೇಳಬಲ್ಲಿರಿ, ಅದು ಸಣ್ಣ ಲಾಭವಲ್ಲ.

ಪೆಡಲ್ ಮೆತ್ತಗಾಗಿದೆ, ಕೆಳಗಿಳಿಯುತ್ತದೆ, ಅಥವಾ ಕಲ್ಲಿನಂತೆ ಗಟ್ಟಿಯಾಗಿದೆ

ಪ್ಯಾಡ್ ಬದಲಿಸಿದರೆ ಇದು ಸರಿಹೋಗುತ್ತದೆ ಎಂಬ ತಪ್ಪು ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯವಾಗಿ ಸರಿಹೋಗುವುದಿಲ್ಲ.

ಪೆಡಲ್ ಬಹಳ ಕೆಳಗೆ ಹೋಗಿ ಹಿಡಿಯುತ್ತದೆ, ಎರಡನೇ ಸಲ ಒತ್ತಿದರೆ ಮೇಲೆಯೇ ಹಿಡಿಯುತ್ತದೆ ಎಂದಾದರೆ ಹಿಂದಿನ ಡ್ರಮ್ಮಿನ ಶೂಗಳು ಸವೆದು ಅಂತರ ಹೆಚ್ಚಿರಬಹುದು. ಹ್ಯಾಂಡ್ ಬ್ರೇಕ್ ಲಿವರ್ ಹಿಂದಿಗಿಂತ ಮೇಲಕ್ಕೆ ಬರುತ್ತಿದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಆಯಿಲ್ ಪೈಪಿನಲ್ಲಿ ಗಾಳಿಯಿದೆ. ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಒಂದೇ ಸಮ ಒತ್ತಿ ಹಿಡಿದಾಗ ಅದು ನಿಧಾನವಾಗಿ ನೆಲದತ್ತ ಜಾರಿದರೆ ಎಲ್ಲೋ ಸೋರಿಕೆಯಿದೆ, ಹೊರಗೆ ಕಾಣದಿದ್ದರೆ, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗೆ. ಹಾಗಿರುವ ಕಾರನ್ನು ರಸ್ತೆಗೆ ಇಳಿಸಬೇಡಿ.

ಪೆಡಲ್ ಗಟ್ಟಿಯಾಗಿ ಕಾರು ನಿಲ್ಲಲು ಬಹಳ ಬಲ ಬೇಕಾದರೆ, ಕಾಲಿನ ಒತ್ತಿಗೆ ನೆರವಾಗುವ ಬೂಸ್ಟರ್ ಪರೀಕ್ಷಿಸಿ. ಎಂಜಿನ್ ಆರಿಸಿ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಕಾಲಿನಡಿ ತುಸು ಇಳಿದರೆ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ, ಮುಂದಿನದು ಗ್ಯಾರೇಜಿನ ಕೆಲಸ.

ಘಾಟಿ ಇಳಿದ ಮೇಲೆ ಸುಟ್ಟ ವಾಸನೆ, ಹಿಡಿತವಿಲ್ಲದ ಬ್ರೇಕ್

ಆಗುಂಬೆಯಿಂದ ಸೋಮೇಶ್ವರಕ್ಕೆ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಬಂದರೆ ಯಾವ ದೋಷವೂ ಇಲ್ಲದ ಕಾರಿನಲ್ಲೂ ಈ ಲಕ್ಷಣ ಬರುತ್ತದೆ. ಪ್ಯಾಡ್ ಮಿತಿಮೀರಿ ಕಾದಾಗ ಪೆಡಲ್ ಗಟ್ಟಿಯಿದ್ದರೂ ಕಾರು ನಿಲ್ಲುವುದಿಲ್ಲ. ಆಯಿಲ್ ಕುದಿದಾಗ ಆವಿಯ ಗುಳ್ಳೆಗಳಾಗಿ ಪೆಡಲ್ ಮೆತ್ತಗೆ ಕುಸಿಯುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್‌ಗೆ ನಿಗದಿಯಾದ ಕನಿಷ್ಠ ಮಟ್ಟ ಹೊಸದಕ್ಕೆ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ್ದಕ್ಕೆ 155. ಡಾಟ್ 3ಕ್ಕೆ 205 ಮತ್ತು 140. ಮಲೆನಾಡು, ಕರಾವಳಿಯ ತೇವದಲ್ಲಿ ಓಡುವ ಕಾರಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ನಾನು ಒತ್ತಿ ಹೇಳುವುದು ಇದಕ್ಕೆ.

ಇಳಿಯುವಾಗ ಹೀಗಾದರೆ ಕೆಳಗಿನ ಗೇರಿಗೆ ಬಂದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಬ್ರೇಕ್ ತಾನಾಗಿ ತಣಿಯಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಬಿರಿಯಬಹುದು. ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸವಂತೂ ಪ್ರಾಣಕ್ಕೆ ಎರವಾಗುತ್ತದೆ: ಎಂಜಿನ್ ಆರಿದರೆ ಬೂಸ್ಟರಿನ ನೆರವು ಒಂದೆರಡು ಒತ್ತಿಗೆ ಮುಗಿಯುತ್ತದೆ. ಊರು ಸೇರಿದ ಮೇಲೆ ಪ್ಯಾಡ್ ಬಿಚ್ಚಿ ನೋಡಿ. ಮೇಲ್ಮೈ ಗಾಜಿನಂತೆ ಹೊಳೆದರೆ ಒರಟು ಎಮೆರಿಯಲ್ಲಿ ಒದ್ದೆಯಾಗಿ ತುಸು ಉಜ್ಜಬಹುದು, ಪುಡಿಯಾಗಿ ಉದುರಿದರೆ ಅಥವಾ ಬಿರುಕಿದ್ದರೆ ಬದಲಿಸಿ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ

ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದರೆ ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ, ಹಾಗಾಗಿ ಕಣ್ಣು ಮುಚ್ಚಿ ತುಂಬಿಸುವ ಮೊದಲು ಪ್ಯಾಡ್ ಅಳೆಯಿರಿ. ದಿಢೀರನೆ ಇಳಿದಿದ್ದರೆ ಸೋರಿಕೆ, ಓಡಿಸಬಾರದು. ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ, ಹೊಸದಾಗಿ ತೆರೆದ ಡಬ್ಬಿಯಿಂದ ಹಾಕಿ. ಹಳದಿ ಎಬಿಎಸ್ ದೀಪ ಪ್ಯಾಡಿಗೆ ಸಂಬಂಧಿಸಿದ್ದಲ್ಲ, ಅದಕ್ಕೆ ಸ್ಕ್ಯಾನರ್ ಬೇಕು. ಡಿಸ್ಕ್ ಕೆಲಸ ಮಾಡಿದ ಮರುದಿನವೇ ಹತ್ತಿಕೊಂಡರೆ ಚಕ್ರದ ಬಳಿಯ ಸೆನ್ಸರ್ ತಂತಿಗೆ ಪೆಟ್ಟಾಗಿದೆಯೇ ನೋಡಿ.

ಬದಲಿಸುವಾಗ ಕೆಲಸ ಸಿಕ್ಕಿಕೊಂಡರೆ

ಡಿಸ್ಕ್ ಹಬ್ಬಿಗೆ ಅಂಟಿ ಬರದಿರುವುದು ಕರಾವಳಿಯ ಕಾರುಗಳ ದೊಡ್ಡ ಗೋಳು. ಡಿಸ್ಕನ್ನು ಹಿಡಿದಿರುವ ಸಣ್ಣ ಸ್ಕ್ರೂ ಇದೆಯೇ ಮೊದಲು ನೋಡಿ. ಇದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಸರಿಯಾದ ಅಳತೆಯ ಬಿಟ್ ಇಟ್ಟು ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು ತಿರುಗಿಸಿ. ಅನೇಕ ಡಿಸ್ಕುಗಳಲ್ಲಿ ಬೋಲ್ಟ್ ತಿರುಗಿಸಿ ಹಾಕಲು ಥ್ರೆಡ್ ಇರುವ ಎರಡು ರಂಧ್ರಗಳಿರುತ್ತವೆ. ಅವಕ್ಕೆ ಹೊಂದುವ ಬೋಲ್ಟುಗಳನ್ನು ಸರದಿಯಂತೆ ಬಿಗಿಯುತ್ತ ಹೋದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ. ಮತ್ತೆ ಬಳಸುವ ಡಿಸ್ಕಾದರೆ ಅದರ ಮುಖಕ್ಕೆ ಸುತ್ತಿಗೆ ಬೀಸಬೇಡಿ.

ಬಿಚ್ಚಿದ ಕ್ಯಾಲಿಪರ್ ಹೋಸಿನ ಮೇಲೆ ಜೋತಾಡಬಾರದು, ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗಿ, ಗೊಂದಲವಾದರೆ ನೋಡಲು ಒಂದು ಬದಿ ಇದ್ದಂತಿರುತ್ತದೆ. ಪಿಸ್ಟನ್ ಒಳಗೆ ಹೋಗುತ್ತಿಲ್ಲವೆಂದರೆ ಆಯಿಲ್ ಡಬ್ಬಿಯ ಮುಚ್ಚಳ ತೆರೆದಿದೆಯೇ ನೋಡಿ, ಹಳೆ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ ಕ್ಲಾಂಪಿನಿಂದ ನಿಧಾನವಾಗಿ ಒತ್ತಿ. ಡಬ್ಬಿಯಲ್ಲಿ ಮಟ್ಟ ಏರುತ್ತದೆ, ತುಳುಕುವ ಮೊದಲು ತುಸು ಹೀರಿ ತೆಗೆಯಿರಿ. ಬಣ್ಣದ ಮೇಲೆ ಬಿದ್ದ ಬ್ರೇಕ್ ಆಯಿಲ್ ಬಣ್ಣವನ್ನೇ ಕಿತ್ತುಹಾಕುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಎಷ್ಟು ಒತ್ತಿದರೂ ಹೋಗದ, ಅಥವಾ ಓರೆಯಾಗಿ ಹೋಗುವ ಪಿಸ್ಟನ್ನನ್ನು ಸುತ್ತಿಗೆಯಿಂದ ಬಡಿಯಬೇಡಿ, ಅದಕ್ಕೆ ತುಕ್ಕು ಹಿಡಿದಿದೆ.

ಹೊಸ ಡಿಸ್ಕಿನ ಮೇಲೆ ತುಕ್ಕು ಬಾರದಿರಲು ಎಣ್ಣೆ ಹಚ್ಚಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಪೂರ್ತಿ ಒರೆಸದಿದ್ದರೆ ಅದು ಹೊಸ ಪ್ಯಾಡನ್ನು ಮೊದಲ ದಿನವೇ ಹಾಳುಮಾಡುತ್ತದೆ.

ಎಲ್ಲ ಬದಲಿಸಿದ ಮೇಲೂ ತೊಂದರೆ ಉಳಿದರೆ

ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಒಳಗೆ ತಳ್ಳಿರುವುದರಿಂದ ಮೊದಲ ಒತ್ತು ನೆಲದವರೆಗೆ ಹೋಗುತ್ತದೆ. ಇದನ್ನು ಮರೆತು ಗೇಟಿನ ಹೊರಗೆ ಹೋದರೆ ನಿಲ್ಲಿಸಲು ಬ್ರೇಕೇ ಇರುವುದಿಲ್ಲ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಗಾಳಿ ಸೇರಿದೆ, ಬ್ಲೀಡಿಂಗ್ ಆಗದೆ ಕಾರು ಹೊರಡಬಾರದು. ಎರಡೂ ಕ್ಯಾಲಿಪರ್ ಪೂರ್ತಿ ಬಿಚ್ಚಿ ಹಾಕಿದ್ದರೆ ನಿಪ್ಪಲ್ ಮೇಲ್ಗಡೆಯಿದೆಯೇ ನೋಡಿ. ಕೆಳಗಡೆಯಿದ್ದರೆ ಎಡ ಬಲ ಅದಲು ಬದಲಾಗಿವೆ, ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಹೊರಬರದು.

ಹೊಸ ಪ್ಯಾಡ್ ಮೊದಲ ದಿನಗಳಲ್ಲಿ ಸ್ವಲ್ಪ ಕಡಿಮೆ ಹಿಡಿಯುತ್ತದೆ, ತುಸು ವಾಸನೆಯೂ ಬರುತ್ತದೆ. ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಿಂದ 15ರವರೆಗೆ ಹದವಾದ ಒತ್ತಡದಲ್ಲಿ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ನಡುವೆ ತಣಿಯಲು ಬಿಡಿ, ಕಾದಿರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಬೇಡಿ. ಆಮೇಲೂ ಕಿರುಗುಟ್ಟಿದರೆ ಪ್ಯಾಡಿನ ಹಿಂದಿನ ತೆಳು ತಗಡು ಹಾಕಲು ಮರೆತಿದೆಯೇ, ಎಚ್ಚರಿಕೆಯ ತಗಡಿರುವ ಪ್ಯಾಡ್ ತಪ್ಪು ಬದಿಗೆ ಹೋಗಿದೆಯೇ ನೋಡಿ. ಗುಂಡಿಗಳ ಮೇಲೆ ಟಕಟಕ ಎಂದರೆ ಪ್ಯಾಡ್ ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ ಕೂತಿಲ್ಲ, ಅಥವಾ ಕ್ಯಾಲಿಪರ್ ಬೋಲ್ಟ್ ಸಡಿಲವಾಗಿದೆ. ಈ ಎರಡನೆಯದು ಅನುಮಾನ ಬಂದ ಕ್ಷಣವೇ ನಿಲ್ಲಿಸಿ ನೋಡಬೇಕಾದದ್ದು.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ಪರೀಕ್ಷಿಸಿ, ಆಯಿಲ್ ಮಟ್ಟ ನೋಡಿ, ಕ್ಯಾಲಿಪರ್ ಸುತ್ತ ಒದ್ದೆಯಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಕಳಚಿದ ಹಳೆ ಪ್ಯಾಡ್‌ಗಳ ಮೇಲೆ ಎಡ ಒಳ, ಎಡ ಹೊರ, ಬಲ ಒಳ, ಬಲ ಹೊರ ಎಂದು ಬರೆದು ಅಲ್ಲಿಯವರೆಗೆ ಇಟ್ಟುಕೊಳ್ಳಿ. ಲಕ್ಷಣ ಮರುಕಳಿಸಿದರೆ ಮೆಕ್ಯಾನಿಕ್ ಮೊದಲು ನೋಡಬೇಕಾದದ್ದು ಅವುಗಳನ್ನೇ.